ಕೊಬ್ಬರಿಗೆ ಬೋರ್ಡಿಂಗ್ ಪಾಸ್ ಇಲ್ಲ

"ಪವರ್ ಬ್ಯಾಂಕು, ಲೈಟರು, ಕೊಬ್ಬರಿ ಏನಾದ್ರೂ ಇದ್ಯಾ ಅಮ್ಮ?" ಕೌಂಟರಿನ ಹುಡುಗಿ ದಿನವೂ ನೂರಾರು ಸಲ ಕೇಳುವ ಧಾಟಿಯಲ್ಲೇ ಕೇಳಿದಳು. ತಿಪಟೂರು ಕಡೆಯ ನಮ್ಮ ಚಿಕ್ಕಮ್ಮ ಹೆಮ್ಮೆಯಿಂದ, "ಇದೆ ಕಣಮ್ಮ, ನಮ್ಮ ತೋಟದ್ದೇ" ಅಂದುಬಿಟ್ಟರು. ಡಲ್ಲಾಸಿನ ಮಗನಿಗೆಂದು ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದ ಹದಿನೈದಿಪ್ಪತ್ತು ಗಿಟುಕುಗಳು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ನೆಲದ ಮೇಲೆ ಹೊರಬಂದವು. "ಬೆಂಕಿಪೊಟ್ಟಣ ಅಲ್ಲ, ಕೊಬ್ಬರಿ!" ಎಂದು ಚಿಕ್ಕಮ್ಮ ವಾದಿಸಿದರು. ಹುಡುಗಿ ಮುಂದಿದ್ದ ನಿಷೇಧಿತ ವಸ್ತುಗಳ ಚಿತ್ರಪಟಕ್ಕೆ ಬೆರಳು ತೋರಿಸಿದಳು. ಕೊಬ್ಬರಿ ನನ್ನ ಕೈಚೀಲ ಸೇರಿತು, ಚಿಕ್ಕಪ್ಪ ಮುಖ ಆ ಕಡೆ ತಿರುಗಿಸಿ ನಕ್ಕರು.

ಮನೆಗೆ ಬಂದು ಹುಡುಕಿದೆ. ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ಸಂಖ್ಯೆಗಳಲ್ಲಿ ಕೊಬ್ಬರಿಗೂ ಒಂದಿದೆ: 1363. ವರ್ಗ 4.2, ಅಂದರೆ ತಾನಾಗಿಯೇ ಹೊತ್ತಿಕೊಳ್ಳಬಹುದಾದ ಪದಾರ್ಥ. ಒಣಗಿದ ಕೊಬ್ಬರಿಯಲ್ಲಿ ಶೇ 60ಕ್ಕೂ ಹೆಚ್ಚು ಎಣ್ಣೆ. ತೇವ ಉಳಿದಿದ್ದು ಗಾಳಿಯಾಡದ ಕಡೆ ರಾಶಿ ಹಾಕಿದರೆ ಒಳಗೊಳಗೇ ಕಾವೇರುತ್ತದೆ. ಹಡಗಿನವರಿಗೆ ಇದು ಹಳೆಯ ಭಯ. ಸರಿ, ಟನ್‌ಗಟ್ಟಲೆ ರಾಶಿಗೆ ಒಪ್ಪೋಣ. ಚಿಕ್ಕಮ್ಮನ ಇಪ್ಪತ್ತು ಗಿಟುಕು ಸೀರೆಯೊಳಗೆ ಹೊತ್ತಿ ಉರಿದೀತೆಂದು ನಂಬಲು ನನಗಂತೂ ಈಗಲೂ ಮನಸ್ಸಾಗುತ್ತಿಲ್ಲ. ಆದರೆ ಆಕಾಶದಲ್ಲಿ ಪರೀಕ್ಷೆ ಮಾಡಿ ನೋಡುವ ವಿಷಯವೂ ಅಲ್ಲ.

ಇಡೀ ತೆಂಗಿನಕಾಯಿಯದು ಇನ್ನೊಂದು ಕಥೆ. ಅದನ್ನು ಕೈಯಲ್ಲಿ ಹಿಡಿದು ಕ್ಯಾಬಿನ್ ಹತ್ತುವಂತಿಲ್ಲ. ಶಬರಿಮಲೆಗೆ ಕೊಚ್ಚಿಯವರೆಗೆ ಹಾರುವ ಸ್ವಾಮಿಗಳ ಇರುಮುಡಿಯಲ್ಲಿ ಕಾಯಿ ಇರಲೇಬೇಕಲ್ಲ, ಹಾಗಾಗಿ 2022ರ ಋತುವಿನಲ್ಲಿ ಭದ್ರತಾ ಇಲಾಖೆ ವಿನಾಯಿತಿ ಕೊಟ್ಟಿತು. 2024ರಲ್ಲೂ ಮುಂದಿನ ಜನವರಿ 20ರವರೆಗೆ ಅನುಮತಿ ಸಿಕ್ಕಿತು. ಅಯ್ಯಪ್ಪನಿಗೆ ಸಿಕ್ಕ ರಿಯಾಯಿತಿ ಸಂಕ್ರಾಂತಿಗೆ ಯಾಕಿಲ್ಲ? ಎಳ್ಳುಬೆಲ್ಲದಲ್ಲಿ ಚೂರು ಕೊಬ್ಬರಿ ಇರುತ್ತದಲ್ಲ, ಅದರ ಗತಿಯೇನು ಎಂದು ಕೌಂಟರಿನಲ್ಲೇ ಕೇಳಿದ್ದೆ. ಹುಡುಗಿ ನಕ್ಕಳು, ಉತ್ತರ ಕೊಡಲಿಲ್ಲ. ಹಿಂದೆ ಕ್ಯೂ ಬೆಳೆದಿತ್ತು.

ಕೊಬ್ಬರಿ ಬಿಟ್ಟು ಪೆಟ್ಟಿಗೆಗೆ ಬರೋಣ. ಹಿಡಿಕೆಗೆ ಸುತ್ತುವ ಪಟ್ಟಿಯಲ್ಲಿ ಹತ್ತು ಅಂಕಿ ಇರುತ್ತವೆ. ಎರಡರಿಂದ ನಾಲ್ಕನೆಯವು ವಿಮಾನ ಸಂಸ್ಥೆಯ ಗುರುತು: ಏರ್ ಇಂಡಿಯಾಗೆ 098, ಇಂಡಿಗೊಗೆ 312. ಕೊನೆಯ ಆರು ಆ ಪೆಟ್ಟಿಗೆಯದೇ. ಮುಂದಿನ ದಾರಿಯಲ್ಲಿ ಯಂತ್ರಗಳು ಓದುವುದು ಈ ಸಂಖ್ಯೆಯನ್ನೇ, ನಿಮ್ಮ ಹೆಸರನ್ನಲ್ಲ.

ಯಂತ್ರ ಓದುತ್ತದೆ ಸರಿ, ಪೆಟ್ಟಿಗೆ ಹೊರುವವರು ಯಾರು? 2008ರ ಫೆಬ್ರುವರಿಯ ರೈಲ್ವೆ ಬಜೆಟ್‌ನಲ್ಲಿ ಲಾಲೂ ಪ್ರಸಾದರು ಪರವಾನಗಿ ಪಡೆದ ಹಮಾಲರನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಅದೇ ವರ್ಷ ಮೇ 24ರಂದು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ವಿಮಾನಗಳು ಬಂದವು. ಯಶವಂತಪುರ ಸ್ಟೇಷನ್ನಿನಲ್ಲಿ ಕೆಂಪು ಅಂಗಿ, ತೋಳಿನ ಹಿತ್ತಾಳೆ ಬಿಲ್ಲೆ ನೋಡಿ ಬೆಳೆದವರಿಗೆ ಇಲ್ಲಿನ ಬೋಳು ನೆಲ ವಿಚಿತ್ರ ಅನ್ನಿಸಿತ್ತು. ಟ್ರಾಲಿ ತಳ್ಳಿ, ಬೆಲ್ಟ್ ಮೇಲೆ ಇಡಿ, ಮುಗೀತು. ಹೊರುವವರು ಮಾಯವಾದರು ಎಂದು ಪ್ರಯಾಣಿಕ ತಿಳಿದ.

ಮಾಯವಾಗಿಲ್ಲ, ಬೆಲ್ಟಿನ ಆ ಕಡೆ ಹೋಗಿದ್ದಾರೆ ಅಷ್ಟೆ. ಹಿಂದಿರುಗುವಾಗ ಮೈಲನಹಳ್ಳಿ ದಾಟಿ ಬಾಗಲೂರಿನಲ್ಲಿ ಚಹಾಕ್ಕೆ ನಿಂತೆ. ಹೆದ್ದಾರಿಯ ಟೋಲ್ ಬೇಡವೆನ್ನುವ ಕ್ಯಾಬ್ ಚಾಲಕರು, ಶಿಫ್ಟ್ ಮುಗಿಸಿದ ನಿಲ್ದಾಣದ ಹುಡುಗರು ಅಲ್ಲಿ ಸಿಗುತ್ತಾರೆ. ಕೊರಳಲ್ಲಿ ಪಾಸು ತೂಗುಹಾಕಿಕೊಂಡಿದ್ದ ಲೋಡರ್ ಒಬ್ಬ ಬನ್ನು ಅದ್ದಿ ತಿನ್ನುತ್ತಿದ್ದ. ನನ್ನ ಕೈಚೀಲ ನೋಡಿ, "ಕೊಬ್ಬರಿ ವಾಪಸ್ ಬಂತಾ ಸಾರ್?" ಎಂದ. ಮಾತು ಅಲ್ಲಿಂದ ಶುರುವಾಯಿತು.

ಏರ್‌ಬಸ್ 320ರ ಹೊಟ್ಟೆಯ ಎತ್ತರ ಹೆಚ್ಚೆಂದರೆ 1.24 ಮೀಟರ್, ನಾಲ್ಕಡಿ ಚಿಲ್ಲರೆ. ದೊಡ್ಡ ವಿಮಾನಗಳಲ್ಲಿ ಪೆಟ್ಟಿಗೆಗಳು ಕಂಟೇನರಿನಲ್ಲಿ ಏರುತ್ತವೆ. ದೇಶದೊಳಗೆ ಹಾರುವ ಇಂಥವುಗಳಲ್ಲಿ ಸಾಮಾನ್ಯವಾಗಿ ಒಬ್ಬರು ಒಳಗೆ ಮಂಡಿಯೂರಿ ಒಂದೊಂದನ್ನೇ ಎಳೆದು ಪೇರಿಸಬೇಕು. ನಿಲ್ಲುವಂತಿಲ್ಲ, ಬೆನ್ನು ನೆಟ್ಟಗೆ ಮಾಡುವಂತಿಲ್ಲ. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದು ಎಂಬ ನಿಯಮದ ಹಿಂದೆ ಇರುವುದು ವಿಮಾನದ ಶಕ್ತಿಯಲ್ಲ, ಈ ಬೆನ್ನು. ಕೌಂಟರಿನಲ್ಲಿ ನಿಂತು "ಎರಡು ಕಿಲೋ ತಾನೇ, ಬಿಡಮ್ಮ" ಎಂದು ಜಗಳವಾಡುವವರಿಗೆ ಇದು ಗೊತ್ತಿರುವುದಿಲ್ಲ. ನನಗೆ ಗೊತ್ತಾದದ್ದೂ ಆ ಹುಡುಗನಿಂದಲೇ.

ಸೂಟ್‌ಕೇಸುಗಳು ಬಹಳ ಭಾರವಾ ಎಂದೆ. "ಚಕ್ರ, ಹಿಡಿ ಎರಡೂ ಇದ್ರೆ ಮೂವತ್ತು ಕೆಜಿಯೂ ಬರುತ್ತೆ ಸಾರ್. ಹಗ್ಗ ಬಿಗಿದ ರಟ್ಟಿನ ಡಬ್ಬ ಇರುತ್ತಲ್ಲ, ಹದಿನೈದೇ ಕೆಜಿ ಇರ್ಲಿ, ಅದು ಸಾಯಿಸುತ್ತೆ. ಹಿಡಿಯೋಕೆ ಜಾಗಾನೇ ಇರಲ್ಲ. ಕಟ್ಟೋರು ಒಂದು ಹಿಡಿ ಬಿಟ್ಟು ಕಟ್ಟಲಿ ಅಂತ ಬರೀರಿ."