ಆನೆ ಬಂದ ಸುದ್ದಿಯನ್ನು ಹೇಳುವವರು ಯಾರು?

ತೊರಪಳ್ಳಿ: ಮೈಸೂರು ಕಡೆಯಿಂದ ಬಂದರೆ ಮುದುಮಲೆ ಕಾಡು ಮುಗಿದು ಊರು ಶುರುವಾಗುವುದು ಇಲ್ಲೇ. ರಸ್ತೆಗೆ ಆನೆ ಇಳಿದರೆ ನಮಗೆ ಅದೇ ಮುಖಪುಟದ ಸುದ್ದಿ. ಮೈಸೂರು, ಕೊಯಮತ್ತೂರಿನ ಪತ್ರಿಕೆಗಳಿಗೆ ಅದು ಸುದ್ದಿಯಾಗುವುದು ಯಾರನ್ನಾದರೂ ತುಳಿದ ಮೇಲಷ್ಟೇ.

ಹಾಗಾದರೆ ಸಮುದಾಯ ರೇಡಿಯೋ? ಕೋಲಾರ ಜಿಲ್ಲೆಯ ಬೂದಿಕೋಟೆಯವರು 2003ರಲ್ಲೇ 'ನಮ್ಮ ಧ್ವನಿ' ಆರಂಭಿಸಿದ್ದರು. ಆಗ ಹಳ್ಳಿಯವರಿಗೆ ಬಾನುಲಿ ಪರವಾನಗಿ ಸಿಗುತ್ತಿರಲಿಲ್ಲ. ಕೇಬಲ್ ತಂತಿಯಲ್ಲೇ ದನಿ ಹರಿಸಿದರು! 2006ರ ಕೊನೆಗೆ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನಮ್ಮದೇ ಜಿಲ್ಲೆಯಲ್ಲಿ ಕೀಸ್ಟೋನ್ ಪ್ರತಿಷ್ಠಾನ 'ರೇಡಿಯೋ ಕೋತಗಿರಿ' ಕಟ್ಟಿತು. ಆದರೆ ಇಂಥ ಕೇಂದ್ರಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ. ಬೆಟ್ಟ ದಾಟಿ ಆ ದನಿ ನಮ್ಮ ತನಕ ಬರುವುದೆಲ್ಲಿ?

ಇನ್ನೊಂದು ತೊಡಕು ನಿಯಮದ್ದು. ಸಮುದಾಯ ರೇಡಿಯೋ ಸ್ವಂತವಾಗಿ ಸುದ್ದಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ತಿರುಚದೆ ಕೇಳಿಸಬಹುದು, ಅಷ್ಟೇ. ದೆಹಲಿಯ ಸುದ್ದಿಗೆ ಅಡ್ಡಿಯಿಲ್ಲ, ಗ್ರಾಮಸಭೆಯ ಸುದ್ದಿಗೆ ಉಂಟು. ವಿಚಿತ್ರವಲ್ಲವೇ?

ಸದ್ಯಕ್ಕೆ ವಾಟ್ಸಾಪ್ ಗುಂಪೇ ನಮ್ಮ ಪತ್ರಿಕೆ. ಯಾವ ದಿನ, ಯಾವ ತಿರುವು ಎಂದು ಕೇಳುವ ಸಂಪಾದಕ ಮಾತ್ರ ಅಲ್ಲಿಲ್ಲ. ಹಳೆಯ ವಿಡಿಯೋ ಮುಂದಕ್ಕೆ ಕಳಿಸುವ ಮುನ್ನ ಗಡಿಯಾಚೆಗೊಂದು ಫೋನ್ ಮಾಡಿ ವಿಚಾರಿಸಲು ತಮಿಳು, ಕನ್ನಡ ಎರಡೂ ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ.