ದಾಂಪತ್ಯ, ಬಂಧುಗಳ ಒತ್ತಡ ಮತ್ತು ಕಾನೂನು

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಆ ಜಗಳದಲ್ಲಿ ಮೂರನೆಯವರು ಪ್ರವೇಶಿಸಿದರೆಂದರೆ ಅದು ಉಂಡು ಮಲಗಿದರೂ ತೀರುವುದಿಲ್ಲ. ಉದ್ಯೋಗನಿಮಿತ್ತ ಪುಣೆಯಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ದಂಪತಿಗಳು ಇಲ್ಲಿ, ಹಿರಿಯರು ಬೆಳಗಾವಿ, ಧಾರವಾಡ, ವಿಜಯಪುರಗಳಲ್ಲಿ. ದೂರವಾಣಿಯಲ್ಲಿ ಒಂದೇ ಪಕ್ಷದ ಮಾತನ್ನು ಕೇಳಿದ ಬಂಧುಗಳು “ಇನ್ನು ಸಾಕು, ಬಿಡುಗಡೆ ಮಾಡಿಕೊಳ್ಳಿ” ಎಂದು ತೀರ್ಪು ಕೊಟ್ಟುಬಿಡುವುದುಂಟು. ಕೂಡಿ ಬಾಳುವ ಇಚ್ಛೆಯಿರುವ ದಂಪತಿಗಳನ್ನು ಹೀಗೆ ಅಗಲಿಸಲು ಯತ್ನಿಸಿದರೆ ಕಾನೂನಿನಲ್ಲಿ ಅದರ ಪರಿಣಾಮವೇನು? ಹಿಂದೂ ವಿವಾಹ ಅಧಿನಿಯಮಕ್ಕೆ ಒಳಪಟ್ಟವರನ್ನು ದೃಷ್ಟಿಯಲ್ಲಿರಿಸಿಕೊಂಡು ಈ ಪ್ರಶ್ನೆಯನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ವಿಚ್ಛೇದನದ ಅಧಿಕಾರ ಯಾರದು?

ವಿವಾಹವನ್ನು ಬಿಡಿಸುವ ಅಧಿಕಾರ ಬಂಧುಗಳಿಗಾಗಲಿ ಜಾತಿಯ ಪಂಚರಿಗಾಗಲಿ ಇಲ್ಲ. ವಿವಾಹವನ್ನು ಅನೂರ್ಜಿತವೆಂದು ಸಾರಲು ಜಾತಿಗೆ ಅಧಿಕಾರವಿದೆಯೆಂಬುದನ್ನು ಮುಂಬಯಿ ಉಚ್ಚ ನ್ಯಾಯಾಲಯವು 1876ರಷ್ಟು ಹಿಂದೆಯೇ ನಿರಾಕರಿಸಿತ್ತು. ಮುಂದೆ ಪುಣೆ, ಧಾರವಾಡ, ಬೆಳಗಾವಿಗಳೆಲ್ಲ ಒಂದೇ ಮುಂಬಯಿ ಪ್ರಾಂತದಲ್ಲಿದ್ದಾಗ, 1947ರ ಮುಂಬಯಿ ಹಿಂದೂ ವಿಚ್ಛೇದನ ಅಧಿನಿಯಮವು ಈ ವಿಷಯವನ್ನು ನ್ಯಾಯಾಲಯದ ಕೈಗೊಪ್ಪಿಸಿತು. ಇಂದು ಜಾರಿಯಲ್ಲಿರುವುದು 1955ರ ಹಿಂದೂ ವಿವಾಹ ಅಧಿನಿಯಮ. ಇದರ ಮೇರೆಗೆ ವಿಚ್ಛೇದನದ ಅರ್ಜಿಯನ್ನು ಗಂಡ ಅಥವಾ ಹೆಂಡತಿಯೇ ಸಲ್ಲಿಸಬೇಕು; ತಂದೆ, ತಾಯಿ, ಸೋದರಮಾವ ಯಾರೂ ಅವರ ಪರವಾಗಿ ನಿರ್ಧರಿಸುವಂತಿಲ್ಲ. ಸ್ಟಾಂಪು ಕಾಗದದ ಮೇಲೆ ಬರೆಸಿಕೊಂಡ ಬಿಡುಗಡೆ ಪತ್ರಕ್ಕೆ, ಪ್ರಾಚೀನ ರೂಢಿಯೊಂದು ಸಾಕ್ಷ್ಯದಿಂದ ಸಿದ್ಧವಾದ ಹೊರತು, ಬೆಲೆಯಿಲ್ಲ. ಅದನ್ನು ನಂಬಿ ಮರುಮದುವೆ ಮಾಡಿಕೊಂಡವರು ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧಕ್ಕಾಗಿ 7 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದು.

ಒಪ್ಪಿಗೆ ಸ್ವಂತದ್ದಾಗಿರಬೇಕು

ಬಂಧುಗಳು ಸಾಮಾನ್ಯವಾಗಿ ಸೂಚಿಸುವ ಸುಲಭ ಮಾರ್ಗವೆಂದರೆ ಪರಸ್ಪರ ಸಮ್ಮತಿಯ ವಿಚ್ಛೇದನ. 1976ರ ತಿದ್ದುಪಡಿಯಿಂದ ಬಂದ 13-ಬಿ ಕಲಮಿನ ಪ್ರಕಾರ ದಂಪತಿಗಳು ಕನಿಷ್ಠ 1 ವರ್ಷ ಪ್ರತ್ಯೇಕವಾಗಿದ್ದು, ಜಂಟಿ ಅರ್ಜಿ ಸಲ್ಲಿಸಿ, 6 ತಿಂಗಳ ಬಳಿಕ ಮತ್ತೆ ನ್ಯಾಯಾಲಯದ ಮುಂದೆ ಬರಬೇಕು. ಈ 6 ತಿಂಗಳ ಅವಧಿ ಮನಸ್ಸು ತಿಳಿಯಾಗಲೆಂದೇ ಇಟ್ಟದ್ದು. ಸೂಕ್ತ ಸಂದರ್ಭಗಳಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದೆ. ಆದರೆ 23ನೆಯ ಕಲಮಿನ ನಿಬಂಧನೆ ಅಚಲ: ಬಲಾತ್ಕಾರ, ವಂಚನೆ ಅಥವಾ ಅನುಚಿತ ಪ್ರಭಾವದಿಂದ ಪಡೆದ ಸಮ್ಮತಿಯ ಮೇಲೆ ನ್ಯಾಯಾಲಯ ಡಿಕ್ರಿ ಕೊಡಲಾಗದು. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಒಬ್ಬರು ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದೂ 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಆದ್ದರಿಂದ ಒತ್ತಡಕ್ಕೆ ಮಣಿದು ಸಹಿ ಮಾಡಿದವರು ಡಿಕ್ರಿಗೆ ಮುಂಚೆಯೇ ನ್ಯಾಯಾಧೀಶರ ಮುಂದೆ ನಿಜಸ್ಥಿತಿಯನ್ನು ನಿವೇದಿಸಬೇಕು. ಶಿವಾಜಿನಗರದ ಕುಟುಂಬ ನ್ಯಾಯಾಲಯದಲ್ಲಿ ಆಪ್ತ ಸಲಹೆಗಾರರೂ ಇದ್ದಾರೆ; ಸಂಧಾನಕ್ಕೆ ಯತ್ನಿಸುವುದು 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು ಆ ನ್ಯಾಯಾಲಯಗಳಿಗೆ ವಿಧಿಸಿದ ಕರ್ತವ್ಯ.

ಮಾತು ಕೇಳಿ ಮನೆ ಬಿಟ್ಟರೆ

ಉದಾಹರಣೆಗೆ, ತವರಿನವರ ಮಾತಿಗೆ ಕಟ್ಟುಬಿದ್ದು ಒಬ್ಬಾಕೆ ಸಕಾರಣವಿಲ್ಲದೆ ಪುಣೆಯ ಮನೆ ಬಿಟ್ಟು ಧಾರವಾಡ ಸೇರಿದಳೆಂದುಕೊಳ್ಳೋಣ. 2 ವರ್ಷ ಕಳೆದರೆ ಅದೇ ಪರಿತ್ಯಾಗವೆನಿಸಿ ಗಂಡನಿಗೆ ವಿಚ್ಛೇದನದ ಆಧಾರವಾಗಬಹುದು. ಜೀವನಾಂಶದ ಹಕ್ಕಿಗೂ ಕುಂದು ಬರಬಹುದು. ಪ್ರತಿಯಾಗಿ, ತಾಯಿತಂದೆಯರ ಮಾತು ಕೇಳಿ ಹೆಂಡತಿಯನ್ನು ಹೊರಹಾಕಿದ ಗಂಡನು ಜೀವನಾಂಶದ ಹೊಣೆಯಿಂದ ಪಾರಾಗುವುದಿಲ್ಲ. ತನ್ನದೇ ತಪ್ಪಿನ ಲಾಭವನ್ನು ಪಡೆದು ವಿಚ್ಛೇದನ ಕೇಳುವಂತೆಯೂ ಇಲ್ಲ. ಒತ್ತಡ ಹಾಕಿದವರು ದೂರ ನಿಲ್ಲುತ್ತಾರೆ. ಫಲ ಉಣ್ಣುವವರು ದಂಪತಿಗಳು. ಅಗಲಿದ ಸಂಗಾತಿಯನ್ನು ಮರಳಿ ಕರೆಯಲು 9ನೆಯ ಕಲಮಿನ ಮೇರೆಗೆ ಅರ್ಜಿ ಸಲ್ಲಿಸುವ ಮಾರ್ಗ ಇಬ್ಬರಿಗೂ ತೆರೆದಿದೆ.

ಒತ್ತಡ ಅಪರಾಧವಾಗುವುದು ಯಾವಾಗ?

ಹಿರಿಯರು ಬುದ್ಧಿವಾದ ಹೇಳುವುದು, ವಿಚ್ಛೇದನವೇ ಲೇಸೆಂದು ಅಭಿಪ್ರಾಯಪಡುವುದು ಅಪರಾಧವಲ್ಲ. ಆದರೆ ಮಾತು ಬೆದರಿಕೆಯಾದಾಗ ಸ್ಥಿತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಿಕ ಬೆದರಿಕೆಗೆ 2 ವರ್ಷಗಳವರೆಗೆ, ಕೋಣೆಯಲ್ಲಿ ಕೂಡಿಹಾಕುವಂಥ ಅಕ್ರಮ ಬಂಧನಕ್ಕೆ 1 ವರ್ಷದವರೆಗೆ ಶಿಕ್ಷೆಯಿದೆ. ಗಂಡ ಅಥವಾ ಅವನ ಬಂಧುಗಳು ಹೆಂಡತಿಯ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿಯಾಗುವಂತೆ ನಡೆದುಕೊಂಡರೆ, ಹಿಂದಿನ 498-ಎ ಕಲಮಿನ ಸ್ಥಾನದಲ್ಲಿ ಬಂದ 85ನೆಯ ಕಲಮಿನ ಪ್ರಕಾರ 3 ವರ್ಷಗಳವರೆಗೆ ಶಿಕ್ಷೆ ಹಾಗೂ ದಂಡ. ಪ್ರಾಪ್ತವಯಸ್ಕರನ್ನು ತವರಿನವರೇ ಬಂಧನದಲ್ಲಿರಿಸಿದರೆ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು.

2005ರ ಕೌಟುಂಬಿಕ ಹಿಂಸೆ ತಡೆ ಅಧಿನಿಯಮವು ಮಾನಸಿಕ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಅದರಡಿ ಮಹಿಳೆಯು ರಕ್ಷಣಾ ಆದೇಶವನ್ನೂ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು. ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದೆಯೆಂಬ ಒಂದೇ ಕಾರಣಕ್ಕೆ ಆ ಹಕ್ಕು ತಪ್ಪದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತಿಳಿಸಿದೆ. ಆದರೆ ನಿರ್ದಿಷ್ಟ ಆರೋಪವಿಲ್ಲದೆ ದೂರದ ಬಂಧುಗಳನ್ನೆಲ್ಲ ಮೊಕದ್ದಮೆಗೆ ಎಳೆಯುವುದನ್ನು ಅದೇ ನ್ಯಾಯಾಲಯ 2022ರಲ್ಲಿ ಖಂಡಿಸಿದೆ.

ಇನ್ನು ಜಾತಿ ಪಂಚಾಯಿತಿಯ ವಿಷಯ. “ಅವಳನ್ನು ಬಿಡದಿದ್ದರೆ ನಿಮ್ಮ ಮನೆಯನ್ನು ಹೊರಗಿಡುತ್ತೇವೆ” ಎನ್ನುವವರು ಮಹಾರಾಷ್ಟ್ರದಲ್ಲಿ ಅಪರಾಧಿಗಳು. 2017ರಲ್ಲಿ ಜಾರಿಗೆ ಬಂದ ಇಲ್ಲಿನ ಸಾಮಾಜಿಕ ಬಹಿಷ್ಕಾರ ತಡೆ ಅಧಿನಿಯಮದ ಮೇರೆಗೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಕೆಲವು ವ್ಯಾವಹಾರಿಕ ಸೂಚನೆಗಳು

ಖಾಲಿ ಕಾಗದಕ್ಕಾಗಲಿ, ಓದದ ಕಾಗದಕ್ಕಾಗಲಿ, ಯಾರು ಹೇಳಿದರೂ ಸಹಿ ಮಾಡಕೂಡದು. ಜಂಟಿ ಖಾತೆಯಲ್ಲಿ ಇಬ್ಬರಲ್ಲಿ ಯಾರಾದರೊಬ್ಬರು ಹಣ ತೆಗೆಯುವ ವ್ಯವಸ್ಥೆಯಿದ್ದು ಮನಸ್ತಾಪ ಹುಟ್ಟಿದರೆ, ಇಬ್ಬರ ಸಹಿಯಿಲ್ಲದೆ ಹಣ ಕೊಡಬಾರದೆಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ. ಒಡವೆಗಳ ಪಟ್ಟಿ, ರಸೀದಿಗಳನ್ನು ಜೋಪಾನವಾಗಿಡಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು.

ಅರ್ಜಿಯನ್ನು ಮದುವೆ ನಡೆದ ಊರಿನಲ್ಲಿ, ಎದುರುಪಕ್ಷದವರು ವಾಸಿಸುವಲ್ಲಿ ಅಥವಾ ದಂಪತಿಗಳು ಕೊನೆಯದಾಗಿ ಕೂಡಿದ್ದ ಊರಿನಲ್ಲಿ ಸಲ್ಲಿಸಬಹುದು. ಹೆಂಡತಿಯು ತಾನಿರುವ ಊರಿನಲ್ಲೂ ಸಲ್ಲಿಸಬಹುದು. ಕರ್ನಾಟಕದ ಮೊಕದ್ದಮೆಯನ್ನು ಪುಣೆಗೆ ವರ್ಗಾಯಿಸಿಕೊಳ್ಳಬೇಕಾದರೆ ಸರ್ವೋಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ತುರ್ತು ಪ್ರಸಂಗದಲ್ಲಿ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಹಿಂಸೆಯಿರುವ ಸಂಸಾರವನ್ನು ಸಹಿಸಿಕೊಂಡು ಇರಬೇಕೆಂದು ಈ ಬರಹದ ಅಭಿಪ್ರಾಯವಲ್ಲ. ಅಂಥಲ್ಲಿ ವಿಚ್ಛೇದನವೇ ರಕ್ಷೆಯಾಗಬಹುದು, ಬಂಧುಗಳ ಬೆಂಬಲವೂ ಬೇಕಾಗುತ್ತದೆ. ಆದರೆ ಇರುವುದೋ ಬಿಡುವುದೋ ಎಂಬ ನಿರ್ಣಯ ಬಾಳಬೇಕಾದ ಇಬ್ಬರದೇ ಆಗಿರಬೇಕು. ಮದುವೆಯಲ್ಲಿ ಅಕ್ಷತೆ ಹಾಕಿ ಹರಸಿದ ಹಿರಿಯರು, ಕಷ್ಟ ಬಂದಾಗ ಇಬ್ಬರ ಮಾತನ್ನೂ ಕೂಡ್ರಿಸಿ ಕೇಳಿದರೆ ಎಷ್ಟೋ ಮನೆಗಳ ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಲಾರದು.