ಹವಳಕ್ಕೆ ಸಿಗದ ಬಿಡುವು

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕು ಹಡಗುಗಳಲ್ಲಿ ತರಕಾರಿ, ದಿನಸಿ, ಸಿಮೆಂಟಿನ ಜತೆಗೆ ಜಲ್ಲಿ ಮತ್ತು ಮರಳೂ ಹೋಗುತ್ತವೆ. ಸುತ್ತ ಕಡಲು, ಕಾಲಡಿಯಲ್ಲೆಲ್ಲ ಬಿಳಿ ಮರಳು ಇರುವ ದ್ವೀಪಕ್ಕೆ ಇಲ್ಲಿಂದ ಮರಳು ಹೊರುವುದೇಕೆ? ಅಲ್ಲಿ ಕಲ್ಲಿನ ಗುಡ್ಡವಿಲ್ಲ, ಹೊಳೆಯಿಲ್ಲ. ಇರುವ ನೆಲವೆಲ್ಲ ಹವಳ ಕಟ್ಟಿದ್ದು, ಮೀನು ಅರೆದದ್ದು, ಅಲೆ ತಂದು ಗುಡ್ಡೆ ಹಾಕಿದ್ದು. ಅದನ್ನೇ ಬಗೆದು ಮನೆ ಕಟ್ಟುತ್ತ ಹೋದರೆ ಮನೆ ನಿಲ್ಲಲು ಜಾಗವೇ ಉಳಿಯುವುದಿಲ್ಲ.

ಮಂಗಳೂರಿಗೂ ಈ ದ್ವೀಪಗಳಿಗೂ ನಂಟು ವ್ಯಾಪಾರದ್ದಷ್ಟೇ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಒಟ್ಟು 36 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರ್ ಆಗುತ್ತದೆ, ಅಷ್ಟೆ. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 64 ಸಾವಿರಕ್ಕೂ ಹೆಚ್ಚು ಮಂದಿ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಈ ನೆಲಕ್ಕೂ ತೆರೆದ ಕಡಲಿಗೂ ನಡುವೆ ಅಡ್ಡ ನಿಂತಿರುವುದು ಹವಳದ ದಂಡೆ. ಮುಂಗಾರಿನ ಅಲೆಯ ಆರ್ಭಟವೆಲ್ಲ ಅದರ ಮೇಲೆ ಬಡಿದು ಇಳಿಯುತ್ತದೆ. ಒಳಗಿನ ಲಗೂನಿನ ನೀರು ಶಾಂತವಾಗಿರುವುದು ಅದರಿಂದ. ಮನೆ ಬಾವಿಯಲ್ಲಿ ಸಿಹಿನೀರು ಉಳಿದಿರುವುದಕ್ಕೂ ಆ ಕಾವಲು ಬೇಕು. ಮಳೆನೀರು ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಅಲೆ ಒಳನುಗ್ಗಿದರೆ ಅದೂ ಕೆಡುತ್ತದೆ.

ಇಷ್ಟನ್ನೆಲ್ಲ ಕಟ್ಟಿದ ಜೀವಿ ಬಹುಪಾಲು ಕಡೆ ಕೆಲವೇ ಮಿಲಿಮೀಟರ್ ಅಗಲದ್ದು. ಹೆಸರು ಪಾಲಿಪ್. ಚೀಲದಂಥ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ಎಳೆಗಳು. ರಾತ್ರಿ ಎಳೆ ಚಾಚಿ, ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಅದರ ಮೈಯೊಳಗೇ ಒಂದು ಬಗೆಯ ಏಕಕೋಶ ಪಾಚಿ ಬಾಡಿಗೆಗಿದೆ. ಬಿಸಿಲು ಹೀರಿ ಸಕ್ಕರೆ ತಯಾರಿಸಿ, ಅದರ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಬರುವುದು ಹೀಗೆ. ನಾವು ಮೆಚ್ಚಿ ನೋಡುವ ಕಂದು, ಹಸಿರು ಬಣ್ಣಗಳಲ್ಲೂ ಹೆಚ್ಚಿನವು ಈ ಪಾಚಿಯವೇ.

ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ವಾರಗಟ್ಟಲೆ ಇಳಿಯದೆ ನಿಂತರೆ ಸಾಕು, ಈ ಒಪ್ಪಂದ ಮುರಿದುಬೀಳುತ್ತದೆ. ಪಾಚಿಯ ದ್ಯುತಿಸಂಶ್ಲೇಷಣೆ ಹದತಪ್ಪಿ, ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಪಾಲಿಪ್ ಪಾಚಿಯನ್ನು ಹೊರದಬ್ಬುತ್ತದೆ. ಉಳಿಯುವುದು ಗಾಜಿನಂಥ ಪಾರದರ್ಶಕ ಮೈ. ಅದರೊಳಗಿಂದ ಸುಣ್ಣದ ಅಸ್ಥಿಪಂಜರ ಬೆಳ್ಳಗೆ ಕಾಣುತ್ತದೆ. ಬಿಳುಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ತಣಿಯದಿದ್ದರೆ ಕೆಲವೇ ವಾರಗಳಲ್ಲಿ ಹವಳ ಸಾಯುತ್ತದೆ, ಅದರ ಮೇಲೆ ನಾರುನಾರಾದ ಬೇರೆ ಪಾಚಿ ಹಬ್ಬುತ್ತದೆ.

ಈ ಬಿಸಿಯನ್ನು ಅಳೆಯಲು ವಿಜ್ಞಾನಿಗಳಿಗೆ ಒಂದು ಲೆಕ್ಕವಿದೆ. ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ತಾಪ ಒಂದು ವಾರ ಇದ್ದರೆ ಒಂದು ಅಂಕ. ಕೂಡುತ್ತ ಕೂಡುತ್ತ ನಾಲ್ಕಾದರೆ ಬಿಳುಚುವಿಕೆ, ಎಂಟಾದರೆ ವ್ಯಾಪಕ ಸಾವು. ಲಕ್ಷದ್ವೀಪದ ಕಡಲಿನಲ್ಲಿ ಈ ಅಂಕ ನಾಲ್ಕನ್ನು ದಾಟಿದೆ ಎಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೇಳಿತು. 2023ರ ಅಕ್ಟೋಬರ್ ಕೊನೆಯಿಂದಲೇ ಅಲ್ಲಿ ಕಡಲು ಕಾದಿತ್ತು. 2024ರ ಏಪ್ರಿಲ್‌ನಲ್ಲೇ ಅಮೆರಿಕದ ಸಾಗರ, ವಾತಾವರಣ ಸಂಸ್ಥೆ ನೋವಾ ಜಗತ್ತಿನ ನಾಲ್ಕನೇ ಜಾಗತಿಕ ಬಿಳುಚುವಿಕೆಯನ್ನು ಘೋಷಿಸಿತ್ತು.

ಲಕ್ಷದ್ವೀಪಕ್ಕೆ ಇಂಥ ಪೆಟ್ಟು ಬಿದ್ದದ್ದು ಇದೇ ಮೊದಲಲ್ಲ. 1998ರಲ್ಲಿ, 2010ರಲ್ಲಿ, 2016ರಲ್ಲಿ ಬಿದ್ದಿತ್ತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯ ದಂಡೆಗಳನ್ನು 1998ರಿಂದ ನೋಡುತ್ತ ಬಂದಿದ್ದಾರೆ. ಒಂದೇ ಕಡೆ ಮತ್ತೆ ಮತ್ತೆ ಮುಳುಗಿ, ಎಣಿಸಿ, ಬರೆದಿಟ್ಟ ಇಂಥ ಕಾಲು ಶತಮಾನದ ದಾಖಲೆ ನಮ್ಮ ದೇಶದಲ್ಲಿ ಅಪರೂಪ. ಆ ತಾಳ್ಮೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಅವರ ಲೆಕ್ಕದಂತೆ ಆರಂಭದಲ್ಲಿ ಸುಮಾರು ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕೂ ಕೆಳಗಿಳಿದಿದೆ. ಅಂದರೆ ಹೆಚ್ಚುಕಡಿಮೆ ಅರ್ಧ.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ನಂತರದ ಬಿಸಿ ಅಲೆಗಳಲ್ಲಿ ಸತ್ತ ಹವಳದ ಪ್ರಮಾಣ ಕಡಿಮೆಯಾಗುತ್ತ ಬಂದಿದೆ, ಗಟ್ಟಿಗರು ಉಳಿದಿದ್ದಾರೆ. ಆದರೂ ಹೊದಿಕೆ ಕುಗ್ಗುತ್ತಿದೆ. ಏಕೆಂದರೆ ಒಂದು ಪೆಟ್ಟಿನ ಬಳಿಕ ಚೇತರಿಕೆ ವೇಗ ಪಡೆಯಲು ಕನಿಷ್ಠ ಆರು ವರ್ಷಗಳ ಬಿಡುವು ಬೇಕು. ಟೇಬಲ್ಲಿನಂತೆ, ಕೊಂಬೆಯಂತೆ ಹರಡುವ ಅಕ್ರೋಪೊರಾ ಹವಳ ಬೇಗ ಬೆಳೆಯುತ್ತದೆ, ಬಿಸಿಗೆ ಮೊದಲು ಬಲಿಯಾಗುವುದೂ ಅದೇ. ಬಂಡೆಯಂಥ ಪೊರೈಟಿಸ್ ತಡೆದುಕೊಳ್ಳುತ್ತದೆ, ಬೆಳೆಯುವುದು ಮಾತ್ರ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಇತ್ತ ಸಮುದ್ರಮಟ್ಟ ಏರುತ್ತಲೇ ಇದೆ. ಕಡಲನ್ನು ಕಾಯಿಸುವ ಎಲ್ ನಿನೊ ವಿದ್ಯಮಾನ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಹಿಂದೆ ಅದು ಬಂದರೂ ದಂಡೆ ತಡೆದುಕೊಳ್ಳುತ್ತಿತ್ತು. ಈಗ ಕಡಲೇ ಮೊದಲಿಗಿಂತ ಬೆಚ್ಚಗಾಗಿರುವುದರಿಂದ ಅದರ ಪೆಟ್ಟು ಜೋರು. ದಂಡೆಗೆ ಬೇಕಾದ ಆರು ವರ್ಷಗಳ ಬಿಡುವನ್ನು 2024ರಿಂದ ಎಣಿಸಿದರೆ 2030.

ಚೇತರಿಕೆಗೆ ನೆರವಾಗುವ ಒಂದು ಸಂಗತಿ ದ್ವೀಪದವರ ಬದುಕಿನಲ್ಲೇ ಇದೆ. 1960ರ ದಶಕದಿಂದ ಅಲ್ಲಿ ಸರ್ಕಾರ ಉತ್ತೇಜಿಸಿದ್ದು ತೆರೆದ ಕಡಲಿನ ಟ್ಯೂನಾ, ನಮ್ಮ ಕರಾವಳಿಯವರ ಕೇದರದ ಬೇಟೆಯನ್ನು. ಲಗೂನಿನಲ್ಲಿ ಬೆರಳುದ್ದದ ಬೆಳ್ಳಿಮೀನುಗಳನ್ನು ಬಲೆಯಲ್ಲಿ ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೋಗುತ್ತಾರೆ. ಟ್ಯೂನಾ ಹಿಂಡು ಕಂಡಾಗ ಅವನ್ನು ನೀರಿಗೆ ಎರಚುತ್ತಾರೆ. ಮೀನು ಮುಗಿಬಿದ್ದಾಗ ಸಾಲಾಗಿ ನಿಂತವರು ಗಳ ಬೀಸಿ ಒಂದೊಂದನ್ನೇ ಎಳೆದು ಹಿಂದಕ್ಕೆ ಹಾಕುತ್ತಾರೆ. ಬೇಯಿಸಿ, ಹೊಗೆಗಿಟ್ಟು, ಒಣಗಿಸಿದ ಮಾಸ್‌ಮೀನ್ ಆಗುವುದು ಇದೇ. ಹೀಗೆ ಎಲ್ಲರ ಕಣ್ಣೂ ಹೊರಗಡಲಿನ ಮೇಲಿದ್ದುದರಿಂದ ದಂಡೆಯ ಮೀನು ಹೆಚ್ಚಾಗಿ ಉಳಿದುಕೊಂಡಿತು. ಅದರಲ್ಲೂ ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಹೊಸ ಹವಳದ ಮರಿ ಕೂರಲು ಜಾಗ ಮಾಡಿಕೊಡುತ್ತದೆ, ಅರೆದ ಸುಣ್ಣವನ್ನು ಬಿಳಿ ಮರಳಾಗಿ ಹೊರಹಾಕುತ್ತದೆ.

ಈಗ ದಂಡೆಯ ಮುರು ಮೀನಿಗೂ ಗಿಳಿಮೀನಿಗೂ ಹೊರಗಿನ ಮಾರುಕಟ್ಟೆ ಕುದುರಿದೆ. ಹವಳದ ತುಂಡು ನೆಟ್ಟು ದಂಡೆ ಬೆಳೆಸುವ ಯೋಜನೆಗಳ ಚಿತ್ರ ಚೆಂದ, ಆದರೆ ಅವು ಮುಟ್ಟುವುದು ಕೆಲವು ಚದರ ಮೀಟರ್. ಅದಕ್ಕಿಂತ ಮೊದಲು ಗಿಳಿಮೀನು ಹಿಡಿಯುವುದಕ್ಕೆ ಮಿತಿ ಹಾಕಬೇಕು, ಲಗೂನಿಗೆ ಕೊಳಚೆ ಬೀಳದಂತೆ ನೋಡಿಕೊಳ್ಳಬೇಕು, ಹೂಳೆತ್ತುವ ಯಂತ್ರವನ್ನು ದಂಡೆಯಿಂದ ದೂರ ಇಡಬೇಕು. ಇವು ದ್ವೀಪಗಳ ರಾಜಧಾನಿ ಕವರತ್ತಿಯಲ್ಲೇ ಕೂತು ತೀರ್ಮಾನಿಸಬಹುದಾದ ಕೆಲಸಗಳು. ನೀರು ಕಾಯದಂತೆ ತಡೆಯುವುದು ದ್ವೀಪದವರ ಕೈಯಲ್ಲಿಲ್ಲ. ಅವರ ಕಡಲನ್ನು ಕಾಯಿಸಿದ ಹೊಗೆಯಲ್ಲಿ ಅವರದು ಲೆಕ್ಕಕ್ಕೂ ಸಿಗದಷ್ಟು ಪಾಲು. ಉಳಿದದ್ದು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸುವ ಮುಖ್ಯಭೂಮಿಗಳದು, ಮಂಗಳೂರು, ಬೆಂಗಳೂರುಗಳದೂ ಅದರಲ್ಲಿ ಸೇರಿದೆ.